ನಾಲ್ಕು ಇಪ್ಪತ್ತರ ರೈಲು

“ಗೊತ್ತಿರೋರು ಬಲಗೈ, ಗೊತ್ತಿಲ್ದೆ ಇರೋರು ಎಡಗೈ. ಕೈ ಕೆಳಗಿಟ್ಕೊಂಡು ಯಾರೂ ಕೂರೋ ಹಾಗಿಲ್ಲ. ಎಲ್ಲಿ, ಇನ್ನೊಂದ್ಸಲ ನೋಡೋಣ!”

ಸಲಿಹಾ ಕೋಲಿನಿಂದ ಬೋರ್ಡಿಗೆ ತಟ್ಟಿದಳು. ಹತ್ತನೇ ತರಗತಿಯ ಮಕ್ಕಳ ಕೈಗಳು ಒಟ್ಟಿಗೆ ಮೇಲೆದ್ದವು. ಹಿಂದಿನ ಬೆಂಚಿನ ದೌರೆನ್ ಎರಡೂ ಕೈ ಎತ್ತಿಕೊಂಡು ಕೂತಿದ್ದ.

“ಏನೋ ಅದು, ಪೊಲೀಸರಿಗೆ ಶರಣಾಗ್ತಿದ್ದೀಯಾ?”

“ಅರ್ಧ ಗೊತ್ತು ಟೀಚರ್.”

ಮಕ್ಕಳೆಲ್ಲ ಹೋ ಎಂದು ನಕ್ಕರು. ಸಲಿಹಾಳಿಗೆ ಮಾತ್ರ ನಗು ಬರಲಿಲ್ಲ. ಮರುದಿನ ಬೆಳಿಗ್ಗೆ ಹತ್ತು ಗಂಟೆಗೆ ಜಿಲ್ಲೆಯಿಂದ ಸಮಿತಿ ಬರುವುದಿತ್ತು. ಮೂವರು ಬಂದು ಹಿಂದೆ ಕುರ್ಚಿ ಹಾಕಿಕೊಂಡು ಕೂತು, ನಲವತ್ತೈದು ನಿಮಿಷ ಅವಳ ಪಾಠ ನೋಡಿ, ಅವಳ ದರ್ಜೆ ಉಳಿಯಬೇಕೋ ಇಳಿಯಬೇಕೋ ಬರೆದುಕೊಂಡು ಹೋಗುವವರಿದ್ದರು.

ಈ ಕೈ ಎತ್ತಿಸುವ ಉಪಾಯ ಅವಳು ಕಂಡುಹಿಡಿದದ್ದೇನಲ್ಲ. ಅವಳು ಫ್ರಾಕು ಹಾಕಿಕೊಂಡು ಇದೇ ಶಾಲೆಗೆ ಬರುತ್ತಿದ್ದ ಕಾಲದಲ್ಲಿ ಅವಳ ಟೀಚರೂ ಹೀಗೇ ಮಾಡಿಸುತ್ತಿದ್ದರು. ಸಮಿತಿಯವರ ಕಣ್ಣಿಗೆ ಎತ್ತಿದ ಕೈಯೆಲ್ಲ ಕೈಯೇ; ಟೀಚರ್ ಬಲಗೈ ಎತ್ತಿದವರನ್ನಷ್ಟೇ ಎಬ್ಬಿಸಿದರಾಯಿತು, ಇಡೀ ತರಗತಿ ಸರಸ್ವತಿಯ ಮಕ್ಕಳಂತೆ ಕಾಣುತ್ತದೆ. ಇದನ್ನು ಯಾರೂ ಮೋಸ ಎಂದುಕೊಂಡವರಲ್ಲ. ಮನೆಗೆ ನೆಂಟರು ಬರುತ್ತಾರೆಂದರೆ ಹರಕು ಕಂಬಳಿ ಪೆಟ್ಟಿಗೆಯೊಳಗೆ ತುರುಕುವುದಿಲ್ಲವೇ, ಹಾಗೆ.

ಆದರೆ ಈ ಸಲ ಹರಕು ಇದ್ದದ್ದು ಮಕ್ಕಳಲ್ಲಲ್ಲ. ಅದನ್ನು ಬಲ್ಲವಳು ಸಲಿಹಾ ಒಬ್ಬಳೇ.

ಪಾಠದ ವಿಷಯವನ್ನು ಚೀಟಿ ಎತ್ತಿ ಆರಿಸಬೇಕೆಂದು ಜಿಲ್ಲೆಯಿಂದ ಹೊಸ ನಿಯಮ ಬಂದಿತ್ತು. ಹೆಡ್‌ಮಾಸ್ಟರ್ ಝಾಕ್ಸಿಲಿಕ್ ತನ್ನ ನರಿತುಪ್ಪಳದ ಟೋಪಿಯಲ್ಲಿ ಹದಿನಾಲ್ಕು ಚೀಟಿ ಹಾಕಿ ಕುಲುಕಿ ಅವಳ ಮುಂದೆ ಹಿಡಿದಿದ್ದ. ಹದಿಮೂರರಲ್ಲಿ ಯಾವುದು ಬಂದಿದ್ದರೂ ಅವಳು ನಿದ್ದೆಗಣ್ಣಲ್ಲೂ ಪಾಠ ಮಾಡುತ್ತಿದ್ದಳು. ಬಂದದ್ದು ಹದಿನಾಲ್ಕನೆಯದು: ಯಾದೃಚ್ಛಿಕ ಚರಗಳು, ಅಂದರೆ ಬೆಲೆ ಎಷ್ಟಾಗುವುದೆಂದು ಮೊದಲೇ ಹೇಳಲಾಗದವು; ವಿವಿಕ್ತ ಮತ್ತು ನಿರಂತರ. ಅವಳು ಕಾಲೇಜಿನಲ್ಲಿದ್ದಾಗ ಇದನ್ನು ಶಾಲೆಯಲ್ಲಿ ಕಲಿಸಬೇಕಾದೀತೆಂದು ಯಾರೂ ಹೇಳಿರಲಿಲ್ಲ. ಆಮೇಲೆ ಪಠ್ಯಪುಸ್ತಕ ಬದಲಾಯಿತು. ಪ್ರತಿ ಏಪ್ರಿಲ್‌ನಲ್ಲಿ ಈ ಅಧ್ಯಾಯ ಬಂದಾಗ ಅವಳು ಎರಡು ವ್ಯಾಖ್ಯೆ, ಎರಡು ಉದಾಹರಣೆ ಬರೆಸಿ, ಕೆಸರು ದಾಟುವವಳು ಲಂಗ ಎತ್ತಿಕೊಂಡು ದಾಟುವಂತೆ ದಾಟಿಬಿಡುತ್ತಿದ್ದಳು. ಕೆಸರು ಎಷ್ಟು ಆಳವಿದೆ ಎಂದು ಯಾವತ್ತೂ ಕಾಲಿಟ್ಟು ನೋಡಿರಲಿಲ್ಲ.

ದರ್ಜೆ ಇಳಿದರೆ ಏನಾಗುತ್ತದೆಂಬುದು ಗುಟ್ಟೇನಲ್ಲ. ನಗರದಲ್ಲಿ ಓದಿ ಬಂದ ಹೊಸ ಟೀಚರ್ ಹುಡುಗಿಗೆ ಮೇಲಿನ ತರಗತಿಗಳು ಹೋಗುತ್ತವೆ. ಇಪ್ಪತ್ತೊಂಬತ್ತು ವರ್ಷ ಹತ್ತು, ಹನ್ನೊಂದನೇ ತರಗತಿಗೆ ಗಣಿತ ಹೇಳಿದವಳು ಐದನೆಯವರಿಗೆ ಮಗ್ಗಿ ಹೇಳಿಕೊಂಡು ನಿವೃತ್ತಿಯ ದಾರಿ ಕಾಯಬೇಕು.

“ಸರಿ, ಮೊದಲಿಂದ. ಮೀನಿನ ಲೆಕ್ಕ ಯಾರು ಹೇಳ್ತೀರಿ?”

ಒಂದು ಬಲಗೈ ಎದ್ದಿತು. “ಬಲೆಯಲ್ಲಿ ಸಿಕ್ಕ ಮೀನು ಎಷ್ಟು ಅನ್ನೋದು ವಿವಿಕ್ತ ಚರ. ಯಾಕಂದ್ರೆ ಒಂದೊಂದಾಗಿ ಎಣಿಸಬಹುದು. ಆ ಮೀನಿನ ತೂಕ ನಿರಂತರ ಚರ. ಯಾಕಂದ್ರೆ ಅದನ್ನ ಅಳೀಬೇಕು.”

“ರೈಲು?”

ಇನ್ನೊಂದು ಬಲಗೈ. “ಸಂಜೆ ನಾಲ್ಕು ಇಪ್ಪತ್ತರ ರೈಲು ಬರೋ ಹೊತ್ತು ನಿರಂತರ ಚರ. ಅದು ಸರಿಯಾಗಿ ನಾಲ್ಕು ಇಪ್ಪತ್ತಕ್ಕೇ ಬರೋ ಸಂಭವನೀಯತೆ ಸೊನ್ನೆ.”

“ಭೇಷ್. ಕೂತ್ಕೋ.”

ಆಗ ಕಿಟಕಿಯ ಪಕ್ಕದಿಂದ ಬೆಂಚು ಸರಿದ ಸದ್ದಾಯಿತು. ಉಲ್ಬೋಸಿನ್ ಎದ್ದು ನಿಂತಿದ್ದಳು. ಐದು ಹೆಣ್ಣುಮಕ್ಕಳಲ್ಲಿ ಕೊನೆಯವಳು. ನಾಲ್ಕು ಹೆಣ್ಣಾದ ಮೇಲೆ ಐದನೆಯದೂ ಹೆಣ್ಣಾದಾಗ, ಮುಂದಿನದಾದರೂ ಗಂಡಾಗಲೆಂದು ಅಪ್ಪ ಇಟ್ಟ ಹೆಸರು ಅದು, ‘ಗಂಡಾಗಲಿ’ ಎಂದೇ ಅದರ ಅರ್ಥ. ಮುಂದೆ ಯಾವುದೂ ಆಗಲಿಲ್ಲ, ಹೆಸರು ಉಳಿಯಿತು. ತಾಯಿಯ ಜೊತೆ ಸ್ಟೇಷನ್ನಿನಲ್ಲಿ ಹೊಗೆ ಹಾಕಿದ ಮೀನು ಮಾರುವ ಹುಡುಗಿ. ತರಗತಿಯಲ್ಲಿ ಬಾಯಿ ಬಿಡುವವಳಲ್ಲ.

“ಟೀಚರ್, ಸೊನ್ನೆ ಅಂದ್ರೆ ಆಗೋದೇ ಇಲ್ಲ ಅಂತ ಅಲ್ವಾ?”

“ಹೂಂ. ಅಂದ್ರೆ... ಹೂಂ.”

“ಆದ್ರೆ ರೈಲು ದಿನಾ ಬರುತ್ತಲ್ಲ ಟೀಚರ್. ಯಾವುದೋ ಒಂದು ಹೊತ್ತಿಗೆ ಬಂದೇ ಬರುತ್ತೆ. ಆ ಹೊತ್ತಿನ ಸಂಭವನೀಯತೇನೂ ಸೊನ್ನೇನೇ. ಸೊನ್ನೆ ಇದ್ದದ್ದು ಆಯ್ತು ಹ್ಯಾಗೆ?”

ಇದೇ ಪ್ರಶ್ನೆ. ಎಷ್ಟೋ ಏಪ್ರಿಲ್‌ಗಳಿಂದ ಯಾರಾದರೂ ಕೇಳಿಯಾರು ಎಂದು ಅವಳು ಹೆದರಿಕೊಂಡಿದ್ದ ಪ್ರಶ್ನೆ. ಯಾರೂ ಕೇಳಿರಲಿಲ್ಲ.

“ಪುಸ್ತಕದಲ್ಲಿ ಹಾಗೇ ಇದೆ,” ಎಂದಳು. ದನಿ ಬೇಕಾದ್ದಕ್ಕಿಂತ ಜೋರಾಯಿತು. “ನಾಳೆ ಬಂದೋರ ಮುಂದೆ ಇಂಥ ತರಲೆ ಪ್ರಶ್ನೆ ತೆಗೀಬೇಡ. ನೀನು ಸುಮ್ನೆ ಎಡಗೈ ಎತ್ತು, ಸಾಕು.”

“ಅವಳು ಹೇಗೂ ಎಡಚಿ ಟೀಚರ್,” ಎಂದ ದೌರೆನ್. ಮತ್ತೆ ನಗು.

ಉಲ್ಬೋಸಿನ್ ಕೂತಳು. ಮುಖ ಕೆಂಪೇರಲಿಲ್ಲ, ಕಣ್ಣು ತುಂಬಲಿಲ್ಲ. ಕಿಟಕಿಯ ಹಲಗೆಯ ಮೇಲೆ ಊರಾಚೆ ಬತ್ತಿ ಹಿಂದೆ ಸರಿದ ಸಮುದ್ರದ ತಳದಿಂದ ಗಾಳಿ ತಂದು ಸುರಿದಿದ್ದ ಉಪ್ಪಿನ ಧೂಳಿನಲ್ಲಿ ಬೆರಳಿನಿಂದ ಗೆರೆ ಎಳೆಯುತ್ತ ಕೂತಳು. ಅವಳು ಐದನೇ ತರಗತಿಯಲ್ಲಿದ್ದಾಗ ಬೋರ್ಡಿನ ಮೇಲೆ ಎಡಗೈಯಲ್ಲಿ ಬರೆಯಹೊರಟದ್ದನ್ನು, ಅವತ್ತೊಂದು ದಿನ ಆ ತರಗತಿ ನೋಡಿಕೊಳ್ಳುತ್ತಿದ್ದ ಸಲಿಹಾ ತಡೆದು, ಚಾಕ್‌ಪೀಸು ಕಿತ್ತು ಬಲಗೈಗೆ ಕೊಟ್ಟಿದ್ದಳು. “ಒಳ್ಳೇ ಮನೆ ಮಕ್ಕಳು ಈ ಕೈಲಿ ಬರೀತಾರೆ,” ಎಂದಿದ್ದಳು. ಆಮೇಲೆ ಆ ಹುಡುಗಿ ತಾನಾಗಿ ಬೋರ್ಡಿನ ಹತ್ತಿರ ಬಂದದ್ದು ಸಲಿಹಾಳಿಗೆ ನೆನಪಿಲ್ಲ.

ಮನೆಗೆ ಹೋದ ಸಲಿಹಾ ಚಹಾಕ್ಕೆ ಹಾಲು ಹಾಕಿ, ಕುಡಿಯುವುದನ್ನು ಮರೆತು, ಅಡುಗೆಮನೆಯ ಮೇಜಿನ ಮೇಲೆ ಪುಸ್ತಕ ಬಿಚ್ಚಿಕೊಂಡು ಕೂತಳು. ‘ನಿರಂತರ ಯಾದೃಚ್ಛಿಕ ಚರವು ಯಾವುದೇ ಒಂದು ನಿಖರ ಬೆಲೆಯನ್ನು ಪಡೆಯುವ ಸಂಭವನೀಯತೆ ಸೊನ್ನೆ.’ ಓದಿದಳು, ಮತ್ತೆ ಓದಿದಳು. ವಾಕ್ಯ ಬಾಯಿಗೆ ಬಂತು, ತಲೆಗೆ ಹೋಗಲಿಲ್ಲ. ಹೊಸ ಹುಡುಗಿಗೆ ಫೋನ್ ಮಾಡಿ ಕೇಳಿದರೆ ಎರಡು ನಿಮಿಷದ ಕೆಲಸ. ಫೋನು ಕೈಗೆತ್ತಿಕೊಂಡು ಮತ್ತೆ ಕೆಳಗಿಟ್ಟಳು. ನಾಳೆ ತನ್ನ ಜಾಗಕ್ಕೆ ಬರಲಿರುವವಳ ಹತ್ತಿರವೇ ಇವತ್ತು ಪಾಠ ಹೇಳಿಸಿಕೊಳ್ಳುವುದೇ? ದೂರದಲ್ಲಿ ರೈಲಿನ ಸೀಟಿ ಕೇಳಿಸಿತು. ಗಡಿಯಾರ ನೋಡಿದಳು, ನಾಲ್ಕು ಇಪ್ಪತ್ತರ ಮೇಲೆ ಒಂದೆರಡು ನಿಮಿಷ.

ಮರುದಿನ ಹೆಡ್‌ಮಾಸ್ಟರ್ ಬೆಳಗಿನಿಂದಲೇ ಬೆಂಕಿ ತುಳಿದವನಂತೆ ಓಡಾಡುತ್ತಿದ್ದ. ಗ್ರಂಥಾಲಯದಲ್ಲಿ ಮೇಜು ಜೋಡಿಸಿ ಊಟದ ಹಾಸು ಹಾಸಿಯಾಗಿತ್ತು. ಕರಿದ ಬೌರ್ಸಾಕ್ ಉಂಡೆಗಳು ಗುಡ್ಡೆ ಬಿದ್ದಿದ್ದವು, ಕುರಿಮಾಂಸ ಬೇಯುವ ವಾಸನೆ ಕಾರಿಡಾರಿನವರೆಗೂ ಬರುತ್ತಿತ್ತು. ಝಾಕ್ಸಿಲಿಕ್ ಒಂದು ಕಾಲದಲ್ಲಿ ಅವಳ ವಿದ್ಯಾರ್ಥಿ. ಹೆಡ್‌ಮಾಸ್ಟರಾದ ಮೇಲೂ ಅವಳನ್ನು ಟೀಚರ್ ಎಂದೇ ಕರೆಯುತ್ತಿದ್ದ, ಗದರಿಸುವಾಗಲೂ.

“ಟೀಚರ್, ಕೈ ವಿಚಾರ ಎಲ್ಲ ಹೇಳಿಕೊಟ್ಟಿದ್ದೀರಲ್ಲ?”

“ನಿಂಗೆ ಹೇಳಿಕೊಟ್ಟ ಹಾಗೇ ಹೇಳಿಕೊಟ್ಟಿದೀನಿ.”

“ನಾನು ಮೂರು ವರ್ಷ ಎಡಗೈ ಎತ್ತಿದೋನು. ನನ್ನನ್ನ ಮೇಲ್ಪಂಕ್ತಿ ಮಾಡ್ಕೋಬೇಡಿ.” ಅವನು ನಗಲು ನೋಡಿದ, ಆಗಲಿಲ್ಲ. “ಸಮಿತಿಯ ಆ ದೊಡ್ಡಮ್ಮ, ರೌಝಾ ಇಸ್ಕಾಕೋವ್ನಾ, ಹೋದ ವಾರ ಪಕ್ಕದ ಹಳ್ಳೀಲಿ ಇಬ್ಬರನ್ನ ಕೆಳಗಿಳಿಸಿ ಬಂದಿದ್ದಾರಂತೆ. ಸ್ವಲ್ಪ ಹುಷಾರು.”

ಪಾಠ ಶುರುವಾಯಿತು. ಮೊದಲ ಅರ್ಧ ಗಂಟೆ ಎಣ್ಣೆ ಹಾಕಿದ ಬಾಗಿಲಿನಂತೆ ಸದ್ದಿಲ್ಲದೆ ನಡೆಯಿತು. ದೌರೆನ್ ಕುರಿಯ ಕೀಲುಮೂಳೆ ಆಸಿಕ್ ಅನ್ನು ಮೇಜಿನ ಮೇಲೆ ನಲವತ್ತು ಸಲ ಎಸೆದ. ಅದು ಎಷ್ಟು ಸಲ ಯಾವ ಮಗ್ಗುಲಿಗೆ ಬಿತ್ತೆಂದು ಮಕ್ಕಳು ಬೋರ್ಡಿನ ಮೇಲೆ ಪಟ್ಟಿ ಮಾಡಿದರು. ನಾಲ್ಕೇ ಮಗ್ಗುಲು, ಎಣಿಸಬಹುದು, ಆದ್ದರಿಂದ ವಿವಿಕ್ತ. ಆಮೇಲೆ ಮೀನಿನ ಎಣಿಕೆ, ಮೀನಿನ ತೂಕ. ಪ್ರತಿ ಪ್ರಶ್ನೆಗೂ ಹದಿನೇಳು ಕೈ ಮೇಲೇಳುತ್ತಿದ್ದವು. ಸಲಿಹಾ ಬಲಗೈಗಳನ್ನು ಹುಡುಕಿ ಎಬ್ಬಿಸುತ್ತಿದ್ದಳು. ಸಮಿತಿಯ ಇಬ್ಬರು ಗಂಡಸರು ತಲೆದೂಗುತ್ತ ಬರೆದುಕೊಳ್ಳುತ್ತಿದ್ದರು. ಬೆಳ್ಳಿಕೂದಲಿನ ರೌಝಾ ಇಸ್ಕಾಕೋವ್ನಾ ಮಾತ್ರ ಬರೆಯುತ್ತಿರಲಿಲ್ಲ. ಕನ್ನಡಕ ಮೂಗಿನ ತುದಿಗೆ ಇಳಿಸಿಕೊಂಡು ಕೈಗಳನ್ನೇ ನೋಡುತ್ತಿದ್ದರು. ಅದನ್ನು ಕಂಡು ಸಲಿಹಾ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನಂತೆ, ಎರಡು ಸಲ ತನ್ನ ಕೈಯನ್ನೇ ನೋಡಿಕೊಂಡಳು.

ರೈಲಿನ ಉದಾಹರಣೆ ಬಂತು. ಹುಡುಗ ಎದ್ದು ಸೊನ್ನೆ ಎಂದು ಒಪ್ಪಿಸಿ ಕೂತ. ಗಂಟೆ ಹೊಡೆಯಲು ಎಂಟು ನಿಮಿಷ ಇತ್ತು.

“ಒಂದು ನಿಮಿಷ,” ಎಂದರು ರೌಝಾ. “ನಂದೊಂದು ಪ್ರಶ್ನೆ ಇದೆ ಮಕ್ಕಳೇ. ನೀವು ಹೇಳೋ ರೈಲಲ್ಲೇ ನಾನು ನಿನ್ನೆ ಬಂದು ಇಳಿದೆ. ಅದು ಬಂದ ಹೊತ್ತಿಗೆ ಸಂಭವನೀಯತೆ ಸೊನ್ನೆ ಅಂತೀರಿ. ಹಾಗಾದ್ರೆ ನಾನು ಇಲ್ಲಿಗೆ ಬಂದಿದ್ದು ಹ್ಯಾಗೆ?”

ಕೈಗಳು ಎದ್ದವು, ಹೇಳಿಕೊಟ್ಟಂತೆಯೇ. ಹದಿನಾರು ಕೈಗಳು, ಹದಿನಾರೂ ಎಡಗೈ. ಕಿಟಕಿಯ ಪಕ್ಕದ ಉಲ್ಬೋಸಿನ್ ಒಬ್ಬಳೇ ಕೈ ಎತ್ತಿರಲಿಲ್ಲ, ಎರಡು ಕೈಯನ್ನೂ ತೊಡೆಯ ಮೇಲೆ ಇಟ್ಟುಕೊಂಡು ಟೀಚರನ್ನೇ ನೋಡುತ್ತಿದ್ದಳು.

ರೌಝಾ ಆ ಎಡಗೈಗಳ ಸಾಲನ್ನು ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ನೋಡಿದರು. ತುಟಿಯ ಮೂಲೆಯಲ್ಲಿ ನಗು ಬಂದಿತ್ತು.

“ನಮ್ಮ ಶಾಲೇಲೂ ಹೀಗೇ ಇತ್ತು,” ಎಂದರು ಮೆಲ್ಲಗೆ. “ಕೈ ಇಳಿಸಿ ಮಕ್ಕಳೇ, ನೋವು ಬರುತ್ತೆ. ಟೀಚರೇ ಹೇಳಲಿ.”

ಬಾಗಿಲಿನ ಬಳಿ ನಿಂತಿದ್ದ ಝಾಕ್ಸಿಲಿಕ್ ಕಣ್ಣು ಮುಚ್ಚಿಕೊಂಡ. ಸಲಿಹಾಳ ನಾಲಿಗೆಯ ತುದಿಯಲ್ಲಿ ಪುಸ್ತಕದ ವಾಕ್ಯ ಸಿದ್ಧವಾಗಿತ್ತು. ಅದರ ಹಿಂದೆ ಇನ್ನೆರಡು ದೊಡ್ಡ ಪದ ಸೇರಿಸಿ, ಬೋರ್ಡಿನ ಮೇಲೆ ಒಂದು ವಕ್ರರೇಖೆ ಎಳೆದು, ಇದು ಮುಂದಿನ ತರಗತಿಯ ವಿಷಯ ಎಂದು ತಳ್ಳಿಬಿಡಬಹುದಿತ್ತು. ಎಂಟೇ ನಿಮಿಷ. ಗಂಟೆ ಕಾಪಾಡುತ್ತಿತ್ತು. ಬಾಯಿ ತೆರೆದಳು. ಕಿಟಕಿಯ ಪಕ್ಕದಿಂದ ಆ ಹುಡುಗಿ ಇನ್ನೂ ನೋಡುತ್ತಲೇ ಇದ್ದಳು. ನಿನ್ನೆ ಇದೇ ಪ್ರಶ್ನೆ ಕೇಳಿ ತರಲೆ ಅನ್ನಿಸಿಕೊಂಡವಳು. ಸಲಿಹಾಳಿಗೆ ನಾಚಿಕೆಯಾಯಿತು. ಹೆದರಿಕೆಗಿಂತ ಒಂದು ಗುಕ್ಕು ಹೆಚ್ಚು ನಾಚಿಕೆ.

ಅವಳು ಚಾಕ್‌ಪೀಸು ಮೇಜಿನ ಮೇಲಿಟ್ಟಳು. ಎಡಗೈ ಎತ್ತಿದಳು.

ಮಕ್ಕಳಿಗೆ ಆ ಕೈಯ ಅರ್ಥ ಗೊತ್ತಿತ್ತು. ರೌಝಾ ಕನ್ನಡಕ ತೆಗೆದರು. ಸಮಿತಿಯ ಗಂಡಸರಲ್ಲೊಬ್ಬ ಏನಾಯಿತೆಂದು ಪಕ್ಕದವನನ್ನು ಕೇಳಿದ.

ಆಗ ಕಿಟಕಿಯ ಪಕ್ಕದಲ್ಲಿ ಒಂದು ಕೈ ನಿಧಾನವಾಗಿ ಮೇಲೆದ್ದಿತು. ಅಭ್ಯಾಸವಿಲ್ಲದ್ದಕ್ಕೆ ಭುಜದ ಹತ್ತಿರ ಸ್ವಲ್ಪ ತೊಡರಿ, ಆಮೇಲೆ ನೆಟ್ಟಗಾಯಿತು. ಬಲಗೈ.

“ಹೇಳಮ್ಮ ಉಲ್ಬೋಸಿನ್,” ಎಂದಳು ಸಲಿಹಾ.

ಹುಡುಗಿ ಎದ್ದು ನೋಟ್‌ಪುಸ್ತಕದ ಕೊನೆಯ ಹಾಳೆ ಬಿಡಿಸಿದಳು.

“ನಿನ್ನೆ ಸ್ಟೇಷನ್‌ನಲ್ಲಿ ಬರ್ಕೊಂಡೆ. ರೈಲು ನಿಂತಾಗ ಗೋಡೆ ಗಡಿಯಾರದಲ್ಲಿ ನಾಲ್ಕು ಇಪ್ಪತ್ತೆರಡು. ಅಕ್ಕನ ಫೋನಲ್ಲಿ ನೋಡಿದ್ರೆ ನಾಲ್ಕು ಇಪ್ಪತ್ತೆರಡರ ಮೇಲೆ ಮೂವತ್ತೇಳು ಸೆಕೆಂಡು. ಓಟದ ಸ್ಪರ್ಧೆಗೆ ಇಟ್ಕೊಳ್ಳೋ ಗಡಿಯಾರ ಇದ್ದಿದ್ರೆ ಇನ್ನೂ ಎರಡು ಅಂಕಿ ತೋರಿಸ್ತಿತ್ತು. ಅದಕ್ಕಿಂತ ಒಳ್ಳೇದಿದ್ರೆ ಇನ್ನೂ ಅಂಕಿ. ಮುಗಿಯೋದೇ ಇಲ್ಲ.” ಅವಳು ಹಾಳೆಯ ಮೇಲೆ ಬೆರಳಿಟ್ಟಳು. “ಮುಂದಿನ ಒಂದು ಅಂಕಿ ಏನು ಅಂತ ನಾನು ಊಹೆ ಮಾಡಿದ್ರೆ ಹತ್ತರಲ್ಲಿ ಒಂದು ಸಲ ಸರಿಯಾಗ್ಬೋದು. ಎರಡು ಅಂಕಿ ಅಂದ್ರೆ ನೂರರಲ್ಲಿ ಒಂದು. ಮೂರು ಅಂದ್ರೆ ಸಾವಿರದಲ್ಲಿ ಒಂದು. ನಿಖರ ಅಂದ್ರೆ ಎಲ್ಲಾ ಅಂಕೀನೂ ಸರಿ ಇರ್ಬೇಕಲ್ಲ? ಕೊನೇನೇ ಇಲ್ಲ ಅದಕ್ಕೆ. ಹಾಗಾಗಿ ಚಿಕ್ಕದಾಗ್ತಾ ಆಗ್ತಾ ಸೊನ್ನೆಗೇ ಹೋಗುತ್ತೆ. ಆದ್ರೆ ರೈಲಿಗೆ ನನ್ನ ಊಹೆ ಕಟ್ಕೊಂಡು ಏನಾಗ್ಬೇಕು? ಅದು ಬರುತ್ತೆ.”

“ಅಂದ್ರೆ ಈ ರೈಲಿನ ವಿಚಾರ ಏನೂ ಹೇಳೋಕಾಗಲ್ಲ ಅಂತೀಯಾ?” ಎಂದರು ರೌಝಾ.

“ಹೇಳ್ಬಹುದು. ಅಗಲ ಕೊಡಿ, ಹೇಳ್ತೀನಿ. ನಾಲ್ಕು ಹದಿನೈದರಿಂದ ನಾಲ್ಕೂವರೆ ಒಳಗೆ ಅಂದ್ರೆ ವಾರದಲ್ಲಿ ಐದು ದಿನ ಬರುತ್ತೆ, ನಾನು ನೋಡಿದೀನಿ. ಒಂದೇ ಚುಕ್ಕಿ ಮೇಲೆ ಕೇಳಿದ್ರೆ ಹ್ಯಾಗೆ? ಒಂದು ಎಳೆ ದಾರ ನೀರಿಗೆ ಬಿಟ್ಟು ಯಾರಾದ್ರೂ ಮೀನು ಹಿಡೀತಾರಾ? ಬಲೆ ಬೇಕು.” ಹುಡುಗಿ ನೋಟ್‌ಪುಸ್ತಕ ಮುಚ್ಚಿದಳು. ಮತ್ತೆ ಏನೋ ನೆನಪಾಗಿ, “ನಿನ್ನೆ ಒಂಬತ್ತು ಮೀನು ಮಾರಿದ್ವಿ. ಅದು ಒಂಬತ್ತೇ. ಅದರ ಮುಂದೆ ಯಾವ ಅಂಕೀನೂ ಇಲ್ಲ,” ಎಂದಳು.

ಎಷ್ಟು ಏಪ್ರಿಲ್‌ಗಳು ಕಳೆದಿದ್ದವು! ಸಲಿಹಾ ಮೇಜಿನ ಅಂಚು ಹಿಡಿದು ನಿಂತಿದ್ದಳು. ಅರ್ಥವಾಯಿತು, ಅಷ್ಟೇ. ನೀರು ಕುಡಿದಷ್ಟು ಸುಲಭವಾಗಿ ಅರ್ಥವಾಯಿತು. ಗಂಟೆ ಹೊಡೆಯಿತು.

ಕಾರಿಡಾರಿನಲ್ಲಿ ರೌಝಾ ಅವಳನ್ನು ಪಕ್ಕಕ್ಕೆ ಕರೆದು ಕೈಯಲ್ಲಿದ್ದ ಹಾಳೆ ತೋರಿಸಿದರು. ಮೇಲಿನ ಸಾಲುಗಳಲ್ಲೆಲ್ಲ ಒಳ್ಳೆಯ ಅಂಕಗಳೇ ಇದ್ದವು. ಕೊನೆಯ ಸಾಲು ಖಾಲಿ: ವಿಷಯದ ಮೇಲೆ ಹಿಡಿತ. ಅದರ ಮುಂದೆ ಎರಡು ಚೌಕ, ‘ಇದೆ’, ‘ಇಲ್ಲ’.

“ಮೂವತ್ತು ವರ್ಷದಿಂದ ಈ ಕೆಲಸ ಮಾಡ್ತಿದೀನಿ. ಯಾವ ಟೀಚರೂ ನನ್ನ ಮುಂದೆ ಆ ಕೈ ಎತ್ತಿದ್ದಿಲ್ಲ,” ಎಂದರು. “ಆದ್ರೆ ಈ ಹಾಳೇಲಿ ಎರಡೇ ಚೌಕ ಇರೋದು ಸಲಿಹಾ. ಮಧ್ಯದಲ್ಲಿ ಏನೂ ಇಲ್ಲ.”

“ನೋಡಿದ್ದನ್ನ ಬರೀರಿ.”

“ಬರೀಲಾ?”

“ಬರೀರಿ.”

ರೌಝಾ ಹಾಳೆ ಮಡಚಿ ಚೀಲದೊಳಗಿಟ್ಟರು. ಊಟಕ್ಕೆ ಕೂತಾಗ, ಹಿರಿಯ ಅತಿಥಿಗೆ ಸಲ್ಲುವ ಕುರಿಯ ತಲೆಯನ್ನು ಅವರ ಮುಂದಿಟ್ಟರು. ಅವರು ಕಿವಿಯ ತುಂಡು ಕೊಯ್ದು ಬಾಗಿಲ ಹತ್ತಿರ ಚಹಾ ಬಗ್ಗಿಸುತ್ತಿದ್ದ ಹೊಸ ಹುಡುಗಿಗೆ ಕೊಟ್ಟರು, ಕಿರಿಯರಿಗೆ ಕೊಡುವ ಪದ್ಧತಿಯಂತೆ. ಸಮಿತಿಯ ಕಾರು ಧೂಳೆಬ್ಬಿಸಿಕೊಂಡು ಹೋದ ಮೇಲೆ ಝಾಕ್ಸಿಲಿಕ್ ಟೋಪಿ ತೆಗೆದು ತಲೆ ಕೆರೆದುಕೊಂಡ.

“ಕೈ ಎತ್ತೋಕೆ ನಿಮಗೆ ಬೇರೆ ದಿನ ಸಿಗಲಿಲ್ವಾ ಟೀಚರ್?” ಎಂದ. ಬೈಯುತ್ತಿದ್ದನೋ ಮರುಗುತ್ತಿದ್ದನೋ ತಿಳಿಯಲಿಲ್ಲ.

ಹತ್ತು ದಿನ ಸಲಿಹಾ ಬೆಳಿಗ್ಗೆ ಎದ್ದ ಕೂಡಲೇ ಆ ಎರಡು ಚೌಕಗಳನ್ನೇ ನೆನೆದಳು. ಚಹಾ ಸೋಸುವಾಗ, ಬೀಗ ಹಾಕುವಾಗ, ಅಂಗಡಿಯಲ್ಲಿ ಚಿಲ್ಲರೆಗೆ ಕಾಯುವಾಗ. ಹನ್ನೊಂದನೆಯ ದಿನ ಸ್ಟಾಫ್‌ರೂಮಿನ ಗೋಡೆಗೆ ಪಟ್ಟಿ ಅಂಟಿಸಿದರು. ಅವಳ ಹೆಸರಿನ ಮುಂದೆ ದರ್ಜೆ ಇರಲಿಲ್ಲ; ಮುಂದಿನ ವರ್ಷ ಮತ್ತೆ ಪಾಠ ತೋರಿಸಬೇಕು ಎಂದಿತ್ತು. ಸೆಪ್ಟೆಂಬರ್‌ನಿಂದ ಮೇಲಿನ ತರಗತಿಗಳು ಹೊಸ ಹುಡುಗಿಗೆ. ಆ ಹುಡುಗಿ ಪಟ್ಟಿ ಓದಿ ಸಲಿಹಾಳ ಬಟ್ಟಲಿಗೆ ಚಹಾ ಬಗ್ಗಿಸಿದಳು. ಸಲಿಹಾ ನಿಂತೇ ಕುಡಿದಳು. ಹೊಟ್ಟೆ ಉರಿಯಿತು, ಸುಳ್ಳೇಕೆ. ಮೇ ಕೊನೆಯವರೆಗೆ ಹತ್ತನೇ ತರಗತಿ ಅವಳದೇ. ಇನ್ನು ಐದು ವಾರ.

ತರಗತಿಗೆ ಹೋಗಿ ಅಧ್ಯಾಯದ ಕೊನೆಯ ಲೆಕ್ಕ ಬೋರ್ಡಿನ ಮೇಲೆ ಬರೆದಳು. ಅದನ್ನು ಈ ಹಿಂದೆ ಯಾವ ವರ್ಷವೂ ಮುಟ್ಟಿರಲಿಲ್ಲ, ಇವತ್ತೂ ಮನೆಯಲ್ಲಿ ಮಾಡಿಕೊಂಡು ಬಂದಿರಲಿಲ್ಲ.

“ಇದು ನಂಗೂ ಪೂರ್ತಿ ಗೊತ್ತಿಲ್ಲ,” ಎಂದಳು. “ಯಾರು ಶುರು ಮಾಡ್ತೀರಿ?”

ಮಕ್ಕಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದೌರೆನ್ ಎರಡೂ ಕೈ ಎತ್ತಿ, ಯಾರೂ ನಗದಿದ್ದಾಗ ಇಳಿಸಿದ. ಆಮೇಲೆ ಕಿಟಕಿಯ ಪಕ್ಕದಲ್ಲಿ ಒಂದು ಎಡಗೈ ಎದ್ದಿತು.

“ಗೊತ್ತಿಲ್ವಾ ಉಲ್ಬೋಸಿನ್?”

“ಗೊತ್ತು ಟೀಚರ್,” ಎಂದಳು ಹುಡುಗಿ. “ನನ್ನ ಕೈ ಇದು.”

ಉಲ್ಬೋಸಿನ್ ಬೆಂಚುಗಳ ನಡುವಿನಿಂದ ಬೋರ್ಡಿನ ಹತ್ತಿರ ಬಂದು, ರೂಢಿಯಂತೆ ಬಲಗೈ ಚಾಚಿದಳು. ಸಲಿಹಾ ಆ ಕೈಯನ್ನು ಮೆಲ್ಲಗೆ ಕೆಳಗಿಳಿಸಿ, ಚಾಕ್‌ಪೀಸನ್ನು ಇನ್ನೊಂದು ಕೈಯಲ್ಲಿಟ್ಟು, ಬೆಳಕಿಗೆ ಅಡ್ಡವಾಗದಂತೆ ಪಕ್ಕಕ್ಕೆ ಸರಿದು ನಿಂತಳು.